ಎರೆಯುವ ಕಸ್ತೂರೆಮ್ಮ ಮಸ್ಕತ್ತಿಗೆ ಹೋಗಿ ಬಂದದ್ದು

ಕಸ್ತೂರೆಮ್ಮ ನಮ್ಮೂರಿನ ಅರ್ಧ ಜನರ ಮುಕಳಿ ತೊಳೆದವಳು. ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ, ಆಕೆಯೇ ಎದೆ ಸೆಟೆಸಿ ಹೇಳಿಕೊಳ್ಳುವ ಮಾತು. ಪಂಚಾಯ್ತಿ ಕಟ್ಟೆಯ ಮೇಲೆ ಮೀಸೆ ತಿರುವುತ್ತ ಕೂತ ಯಾವ ಗಂಡಸಾದರೂ ಆಕೆಯ ಎದುರು ದನಿ ಎತ್ತಿದರೆ ಸಾಕು, "ಲೇ, ನಿನ್ನ ಮುಕಳಿ ಮ್ಯಾಲ ಕರೇ ಮಚ್ಚಿ ಎಲ್ಲೈತಿ ಅಂತ ನನಗ ಗೊತ್ತೈತಿ, ಸುಮ್ಕ ಕುಂದ್ರು" ಎಂದುಬಿಡುತ್ತಾಳೆ. ಆತ ಕೂಡುತ್ತಾನೆ.

ಯಲಬುರ್ಗಾ ಕಡೆಯ ನಮ್ಮ ಮಂಗಳೂರಿನಲ್ಲಿ ಹೆರಿಗೆಯಾದ ಮನೆಯವರು ಮೊದಲು ಹೇಳಿ ಕಳಿಸುವುದು ಈಕೆಗೇ. ಕೂಸಿಗೂ ಬಾಣಂತಿಗೂ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದು ಆಕೆಯ ಕಸುಬು. ಗಂಡ ಕಳಕಪ್ಪ ಕುರಿಗಳ ಹಿಂದೆ ವರ್ಷದ ಹತ್ತು ತಿಂಗಳು ಹೊಲದಿಂದ ಹೊಲಕ್ಕೆ ಅಲೆಯುವವನು. ಈಕೆ ಬಚ್ಚಲಿನಿಂದ ಬಚ್ಚಲಿಗೆ.

ಆಕೆಯ ಕಾನೂನು ಬಲು ಖಡಕ್ಕು. ಬಾಣಂತಿ ಕೋಣೆಯ ಕಿಟಕಿ ತೆರೆಯುವಂತಿಲ್ಲ. ಕಿವಿಗೆ ಅರಳೆ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ. ತಣ್ಣೀರಿಲ್ಲ, ಹಣ್ಣಿಲ್ಲ, ಟೀವಿಯಿಲ್ಲ. ಹೊರಗಿನವರು ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತೇನೆ ಎನ್ನುವಳು. ಹೀಗೆ ನಲವತ್ತು ದಿನ. ನಾನು ಈ ಊರಿನ ಸರಕಾರಿ ಶಾಲೆಯ ಮಾಸ್ತರ. ನಮ್ಮ ಮಗಳು ಹುಟ್ಟಿದಾಗ ನನ್ನ ಹೆಂಡತಿ ಹತ್ತೊಂಬತ್ತನೆಯ ದಿನ ಅರ್ಧ ಬಾಳೆಹಣ್ಣು ಕೇಳಿದ್ದಳು.

"ಬಾಳಿಹಣ್ಣಾ?" ಎಂದು ಕಸ್ತೂರೆಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಕೂಸಿಗಿ ಥಂಡಿ ಆಗಿ ಮೂಗು ಸೋರಿದ್ರ ನೀ ನೆಕ್ಕತೀಯೇನು?"

ಆ ಮಾತು ಕೇಳಿದ ಮೇಲೆ ನನ್ನ ಹೆಂಡತಿಗೆ ಬಾಳೆಹಣ್ಣೆಂದರೆ ಈಗಲೂ ಆಗಿಬರುವುದಿಲ್ಲ.

ಇಂಥ ಕಸ್ತೂರೆಮ್ಮನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಮಸ್ಕತ್ತಿಗೆ ಹೋಗುವ ಯೋಗ ಬಂತು. ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿದ್ದ ಒಬ್ಬರ ಹೆಂಡತಿಯ ತವರು ನಮ್ಮೂರು. ಅವರ ಮಗಳು ದ್ರಾಕ್ಷಾಯಿಣಿ ಹುಟ್ಟಿದ್ದು ಇಲ್ಲೇ, ಆಕೆಗೆ ಎರೆದವಳೂ ಕಸ್ತೂರೆಮ್ಮನೇ. ದ್ರಾಕ್ಷಾಯಿಣಿಯ ಗಂಡ ವಿರುಪಾಕ್ಷಿ ಮಸ್ಕತ್ತಿನ ಒಂದು ಕ್ರೇನ್ ಕಂಪನಿಯಲ್ಲಿ ಫೋರ್‌ಮನ್. ಬಸುರಿಯಾದ ದ್ರಾಕ್ಷಾಯಿಣಿಗೆ ವೈದ್ಯರು ವಿಮಾನ ಹತ್ತಬೇಡ ಎಂದಿದ್ದರು. ಇತ್ತ ತಾಯಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. "ಕಸ್ತೂರಕ್ಕನ್ನ ಕಳಿಸ್ರಿ, ಇಲ್ಲಾಂದ್ರ ನಾ ಹಡೆಯಂಗಿಲ್ಲ" ಎಂದು ಹುಡುಗಿ ಫೋನಿನಲ್ಲಿ ಹಟ ಹಿಡಿದಳಂತೆ.

ಪಾಸ್‌ಪೋರ್ಟ್ ಆಯಿತು. ಫೋಟೋ ಮಾತ್ರ ಮೂರು ಸಲ ತೆಗೆಸಬೇಕಾಯಿತು, ಹಲ್ಲು ಕಾಣಬಾರದು ಎಂದರೆ ಈಕೆಗೆ ನಗು ತಡೆಯುತ್ತಿರಲಿಲ್ಲ. ಹೊರಡುವ ಮೊದಲು ಹೊಲಕ್ಕೆ ಹೋಗಿ ಗಂಡನಿಗೆ ಸುದ್ದಿ ಹೇಳಿದಳು. ಕಳಕಪ್ಪ ಕಂಬಳಿ ಸರಿಪಡಿಸಿಕೊಳ್ಳುತ್ತ ಕೇಳಿದ:

"ಅದು ಎಲ್ಲಿ ಬರ್ತೈತಿ?"

"ಸಮುದ್ರ ದಾಟಿ."

"ಅಲ್ಲಿ ಕುರಿ ಅದಾವಂತೇನು?"

"ಅದಾವಂತ."

"ಹಂಗಾರ ಛಲೋ ಊರು. ಹೋಗಿ ಬಾ."

ಎರಡು ಸಾವಿರದ ಇಪ್ಪತ್ತರ ಫೆಬ್ರುವರಿಯಲ್ಲಿ ಕಸ್ತೂರೆಮ್ಮ ಅಂಟಿನುಂಡಿಯ ಡಬ್ಬಿ, ಒಣಶುಂಠಿ, ಔಡಲೆಣ್ಣೆ, ಒಂದು ಸೇರು ಲೋಬಾನ ಕಟ್ಟಿಕೊಂಡು ವಿಮಾನ ಹತ್ತಿದಳು. ಮಾರ್ಚ್ ಮೊದಲ ವಾರ ಹೆಣ್ಣು ಕೂಸು ಹುಟ್ಟಿತು. ಐದನೆಯ ದಿನ ಕೂಸಿಗೆ ಎರೆದು, ಕೆಂಡದ ಮೇಲೆ ಒಂದು ಮುಷ್ಟಿ ಲೋಬಾನ ಹಾಕಿದಳು. ಹೊಗೆ ಚಾವಣಿ ಮುಟ್ಟಿದ್ದೇ ತಡ, ಅಲ್ಲಿದ್ದ ಸಣ್ಣ ಡಬ್ಬಿಯೊಂದು ಕೂಸಿಗಿಂತ ಜೋರಾಗಿ ಕಿರುಚತೊಡಗಿತು. ಏಳಂತಸ್ತಿನ ಜನವೆಲ್ಲ ಬನಿಯನ್ನು, ಲುಂಗಿ, ಟವೆಲ್ಲುಗಳಲ್ಲೇ ಬೀದಿಗಿಳಿದರು. ಬೆಂಕಿ ಆರಿಸುವ ಗಾಡಿ ಬಂತು. ಟೊಪ್ಪಿಗೆ ಹಾಕಿದ ಅಧಿಕಾರಿ ಮೇಲೆ ಬಂದು ನೋಡಿದರೆ, ಕಸ್ತೂರೆಮ್ಮ ಕೂಸನ್ನು ಹೊಗೆಯ ಮೇಲೆ ಹಿಡಿದು ಬೆನ್ನು ಕಾಸುತ್ತಿದ್ದಳು.

"ಇಷ್ಟು ಹೊಗಿಗೆ ಓಡಿ ಹೋಗ್ತಾರಲ್ಲ, ಇವ್ರು ಅಡಿಗಿ ಹೆಂಗ ಮಾಡ್ತಾರ?" ಎಂದು ವಿರುಪಾಕ್ಷಿಯನ್ನು ಕೇಳಿದಳಂತೆ. ವಿರುಪಾಕ್ಷಿ ಅಧಿಕಾರಿಯ ಕೈಕಾಲು ಹಿಡಿಯುವುದರಲ್ಲಿದ್ದ. ಮರುದಿನ ಆ ಕಟ್ಟಡದ ಕಾವಲುಗಾರ ಮುದುಕ ಒಂದು ಪೊಟ್ಟಣ ಲೋಬಾನ ತಂದುಕೊಟ್ಟ. ಲೋಬಾನ ಅವರ ದೇಶದ್ದೇ ಬೆಳೆಯಂತೆ, ಈಕೆ ತಂದದ್ದರ ವಾಸನೆ ಆತನಿಗೆ ಸಹಿಸಲಾಗಿರಲಿಲ್ಲ. ಇದನ್ನು ಬಾಲ್ಕನಿಯಲ್ಲಿ ಹಾಕಿಕೋ ಎಂದು ಕೈಸನ್ನೆ ಮಾಡಿ ಹೋದ.

ಅಷ್ಟರಲ್ಲಿ ರೋಗದ ಸುದ್ದಿ ಬಂತು. ಇಲ್ಲಿ ನಾವು ಮಾಳಿಗೆ ಹತ್ತಿ ತಾಟು ಬಾರಿಸುತ್ತಿದ್ದಾಗ ಅಲ್ಲಿ ವಿಮಾನಗಳು ನಿಂತವು. ಏಪ್ರಿಲ್‌ನ ಟಿಕೆಟು ರದ್ದಾಯಿತು. ಬಾಣಂತನ ಮುಗಿದರೂ ಕಸ್ತೂರೆಮ್ಮನಿಗೆ ಬಿಡುಗಡೆಯಿಲ್ಲ. ಎರಡು ಕೋಣೆಯ ಮನೆ, ಕೆಲಸವಿಲ್ಲದೆ ಕೂತ ವಿರುಪಾಕ್ಷಿ, ಅಳುವ ಕೂಸು. "ನಾ ಬಂದಿದ್ದು ಒಂದು ಕೂಸಿನ ಸಲುವಾಗಿ, ಈಗ ಎರಡು ಸಾಕಾಕತ್ತೀನಿ" ಎಂದು ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದಳು.

ಮೇ ತಿಂಗಳ ಕೊನೆಗೆ ಸರಕಾರ ಬಿಟ್ಟ ವಿಶೇಷ ವಿಮಾನದ ಪಟ್ಟಿಯಲ್ಲಿ ಆಕೆಯ ಹೆಸರು ಬಂತು. ಪ್ಲಾಸ್ಟಿಕ್ಕಿನ ನಿಲುವಂಗಿ ತೊಡಿಸಿ, ಮುಖಕ್ಕೆ ಪಾರದರ್ಶಕ ಹಾಳೆ ಕಟ್ಟಿ ಕೂರಿಸಿದರು. ಬೆದರುಗೊಂಬೆಗಳ ನಡುವೆ ತಾನೂ ಒಂದು ಬೆದರುಗೊಂಬೆಯಾಗಿ ಕಸ್ತೂರೆಮ್ಮ ಬೆಂಗಳೂರಿಗೆ ಬಂದಿಳಿದಳು.

ಎಡವಟ್ಟು ಆದದ್ದು ಅಲ್ಲೇ. ವಿಮಾನ ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಜಿಲ್ಲೆವಾರು ಜನರನ್ನು ಬೇರ್ಪಡಿಸುತ್ತಿದ್ದರು. ಮಾಸ್ಕಿನೊಳಗಿಂದ ಒಬ್ಬ ಕೇಳಿದ:

"ಯಾವ ಊರಮ್ಮ?"

"ಮಂಗಳೂರು."

"ಮಂಗಳೂರಲ್ಲಿ ಎಲ್ಲಿ?"

"ದುರಗಮ್ಮನ ಗುಡಿ ಹಿಂದ."

ಆತ ತಲೆಯಾಡಿಸಿ ಬರೆದುಕೊಂಡ. ಜಿಲ್ಲೆ ಯಾವುದೆಂದು ಕೇಳಲೇ ಇಲ್ಲ. ದಕ್ಷಿಣ ಕನ್ನಡ ಎಂದು ತಾನೇ ಬರೆದ. ಆತನ ಲೆಕ್ಕದಲ್ಲಿ ಈ ಭೂಮಿಯ ಮೇಲೆ ಮಂಗಳೂರು ಒಂದೇ, ಅದು ಸಮುದ್ರದ ದಂಡೆಯಲ್ಲಿದೆ. ಕಸ್ತೂರೆಮ್ಮನ ಲೆಕ್ಕದಲ್ಲೂ ಒಂದೇ, ಅದು ಯಲಬುರ್ಗಾ ಕಡೆ ಇದೆ. ಹೀಗಾಗಿ ಇಬ್ಬರಿಗೂ ಸಂಶಯ ಬರಲಿಲ್ಲ.

ಏಳು ದಿನ ಹೋಟೆಲಿನ ಕೋಣೆಯಲ್ಲಿಟ್ಟರು. ಆರನೆಯ ಮಹಡಿ, ತೆರೆಯಲು ಬಾರದ ಕಿಟಕಿ. ಊಟದ ಡಬ್ಬಿ ಬಾಗಿಲ ಬುಡದಲ್ಲಿಟ್ಟು, ಗಂಟೆ ಒತ್ತಿ ಓಡಿಹೋಗುತ್ತಿದ್ದರು. ಬಾಗಿಲು ತೆರೆದರೆ ಓಡುವವನ ಬೆನ್ನಷ್ಟೇ ಕಾಣುವುದು. ಏಸಿ ಆರಿಸುವುದು ಗೊತ್ತಾಗದೆ ಕಿವಿಗೆ ಅರಳೆ ಇಟ್ಟುಕೊಂಡು, ತಲೆಗೆ ಟವೆಲ್ಲು ಬಿಗಿದು ಕೂತಳು. ಬಚ್ಚಲಿನಲ್ಲಿ ಎಮ್ಮೆ ಮಲಗುವಷ್ಟು ದೊಡ್ಡ ಬಿಳಿ ತೊಟ್ಟಿಯಿತ್ತು. ನಾಲ್ಕನೆಯ ದಿನ ಅದರಲ್ಲಿಳಿದು, ಅಭ್ಯಾಸದಂತೆ ಎರಡೂ ಕಾಲು ಚಾಚಿ ಕೂತಳಂತೆ. ಕಾಲ ಮೇಲೆ ಮಲಗಿಸಿಕೊಳ್ಳಲು ಕೂಸಿಲ್ಲ. ಮಸ್ಕತ್ತಿನ ಕೂಸು ನೆನಪಾಯಿತು. "ಅತ್ತೆ ಮಾಸ್ತರ್ರ, ಸುಳ್ಳ್ಯಾಕ ಹೇಳ್ಲಿ" ಎಂದು ಆಮೇಲೆ ನನ್ನ ಬಳಿ ಒಪ್ಪಿಕೊಂಡಳು. "ಆ ತೊಟ್ಟಿ ತುಂಬುವಷ್ಟಲ್ಲ, ಆದ್ರೂ ಅತ್ತೆ."

ಅತ್ತು ಮುಗಿಸಿ ಗಂಡನಿಗೆ ಫೋನು ಹಚ್ಚಿದಳು. ಕಳಕಪ್ಪ, ಕುರಿ ಛಲೋ ಅದಾವ, ಎರಡು ಮರಿ ಹಾಕ್ಯಾವ ಎಂದು ಹೇಳಿ ಇಟ್ಟ.

ಆರನೆಯ ದಿನ ಪರೀಕ್ಷೆ. "ಮೂಗಿನ್ಯಾಗ ಕಡ್ಡಿ ಹಾಕಿ ಮೆದುಳಿನ ತನಕ ಹುಡುಕ್ಯಾಡಿದ್ರು. ಅಲ್ಲೇನೂ ಇಲ್ಲಂತ ಬರೆದು ಕೊಟ್ಟಾರ" ಎಂದು ಆ ಕಾಗದವನ್ನು ಈಗಲೂ ತೋರಿಸುತ್ತಾಳೆ. ಎಂಟನೆಯ ದಿನ ಮುಂಗೈಗೆ ಮಸಿಯ ಮುದ್ರೆ ಒತ್ತಿದರು. ಇನ್ನೇಳು ದಿನ ಮನೆಯಲ್ಲೇ ಇರಬೇಕು ಎಂದು ಹೇಳಿ ಬಸ್ಸು ಹತ್ತಿಸಿದರು. ಬಸ್ಸಿನ ಮುಂದೆ ಮಂಗಳೂರು ಎಂದು ಬರೆದಿತ್ತು. ತನ್ನೂರಿಗೆ ನೇರ ಬಸ್ಸು ಬಿಟ್ಟ ಸರಕಾರವನ್ನು ಮನಸ್ಸಿನಲ್ಲೇ ಹರಸಿ ಕಸ್ತೂರೆಮ್ಮ ಕಿಟಕಿಯ ಪಕ್ಕ ಕೂತಳು.

ಕುಣಿಗಲ್ ದಾಟುವ ಹೊತ್ತಿಗೆ ಮುಂದಿನ ಸೀಟಿನವರನ್ನು ಕೇಳಿದಳು, "ಯಣ್ಣಾ, ಹೊಸಪ್ಯಾಟಿ ಎಷ್ಟೊತ್ತಿಗೆ ಬರ್ತೈತಿ?"

ಅವರು ಮಸ್ಕತ್ತಿನ ಬೇಕರಿಯೊಂದರಲ್ಲಿದ್ದ ಬಂಟ್ವಾಳದವರು. ತಿರುಗಿ ನೋಡಿದರು. "ಹೊಸಪೇಟೆಯಾ? ಎಂಥ ಹೇಳುವುದು ನೀವು? ಇದು ಶಿರಾಡಿ ಘಾಟಿ ಇಳಿದು ಹೋಗುವುದಲ್ವಾ ಮಾರಾಯ್ರೆ."

"ಇಳಿದು ಎಲ್ಲಿಗಿ?"

"ಮಂಗಳೂರಿಗೆ."

"ಮಂಗಳೂರಿಗಿ ಹೋಗಾಕ ಘಾಟಿ ಯಾಕ ಇಳೀಬೇಕು? ಕುಕನೂರು ದಾಟಿದ್ರ ಬಂತು!"

ಬಸ್ಸು ನಿಂತಿತು. ಡ್ರೈವರು, ಜೊತೆಗಿದ್ದ ಪೊಲೀಸು, ಬಂಟ್ವಾಳದವರು, ಎಲ್ಲ ಸೇರಿ ಕಸ್ತೂರೆಮ್ಮನ ಆಧಾರ್ ಕಾರ್ಡು ಓದಿದರು. ಕೊಪ್ಪಳ ಜಿಲ್ಲೆ. ಪೊಲೀಸು ತಲೆ ಹಿಡಿದುಕೊಂಡ. ಪಟ್ಟಿಯಲ್ಲಿರುವವಳನ್ನು ಇಳಿಸುವಂತಿಲ್ಲ, ಪಟ್ಟಿಯಲ್ಲಿರಬಾರದವಳನ್ನು ಒಯ್ಯುವಂತಿಲ್ಲ. ಎರಡು ತಾಸು ಫೋನುಗಳು ಓಡಾಡಿದವು. ಕೊನೆಗೆ ತುಮಕೂರಿಗೆ ಖಾಲಿ ಹೊರಟಿದ್ದ ಒಂದು ಆಂಬುಲೆನ್ಸಿನಲ್ಲಿ ಆಕೆಯನ್ನು ಕೂರಿಸಿದರು. ಬಂಟ್ವಾಳದವರು ಕಿಟಕಿಯಿಂದ ಬ್ರೆಡ್ಡಿನ ಪೊಟ್ಟಣ ಕೊಟ್ಟು, "ನಮ್ಮ ಮಂಗಳೂರಿಗೂ ಒಮ್ಮೆ ಬನ್ನಿ" ಎಂದರು. ತುಮಕೂರಿನಿಂದ ಚಿತ್ರದುರ್ಗ, ಅಲ್ಲಿಂದ ಹೊಸಪೇಟೆ, ಅಲ್ಲಿಂದ ಕೊಪ್ಪಳ. ಎರಡು ದಿನ ಹಿಡಿಯಿತು. ಕೊಪ್ಪಳದಲ್ಲಿ ಕಾಗದ ನೋಡಿದ ಅಧಿಕಾರಿ ಹೌಹಾರಿದರು. ಮುದ್ರೆ ಒತ್ತಿಸಿಕೊಂಡವಳು ನಾಲ್ಕು ಜಿಲ್ಲೆ ಸುತ್ತಿ ಬಂದಿದ್ದಾಳೆ! ಮನೆಯಲ್ಲಿರುವ ಅವಕಾಶ ರದ್ದಾಯಿತು. ಊರ ಶಾಲೆಯಲ್ಲಿ ಹೊಸದಾಗಿ ಹದಿನಾಲ್ಕು ದಿನ.

ಹೀಗೆ ಕಸ್ತೂರೆಮ್ಮ ನಮ್ಮ ಶಾಲೆಯ ಐದನೆಯ ತರಗತಿಗೆ ಬಂದಳು. ಜೀವನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ನೇರ ಐದನೆಯ ತರಗತಿ. ದಾಖಲೆ ಪುಸ್ತಕ ಬರೆಯುವ ಕೆಲಸ ನನ್ನದು. ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತವನು ಪಂಚಾಯ್ತಿಯ ವಾಲೀಕಾರ ಗ್ಯಾನಪ್ಪ. "ಕ್ವಾರಂಟಿ ಅಂದ್ರ ಕ್ವಾರಂಟಿ, ಯಾರನೂ ಬಿಡಂಗಿಲ್ರೀ ಸರ್" ಎಂದು ಬಡಿಗೆ ಕುಟ್ಟುತ್ತಿದ್ದ.

ಗಂಡಸರನ್ನು ತಡೆದ. ಹೆಂಗಸರನ್ನು ತಡೆಯುವುದು ಗ್ಯಾನಪ್ಪನ ಕೈಲಾಗಲಿಲ್ಲ. ಮೊದಲ ದಿನವೇ ಕಂಪೌಂಡಿನ ಗೋಡೆಯಾಚೆ ಇಪ್ಪತ್ತು ಮಂದಿ ಸೆರಗನ್ನೇ ಮಾಸ್ಕು ಮಾಡಿಕೊಂಡು ಸಾಲಾಗಿ ನಿಂತಿದ್ದರು. ಎಲ್ಲರೂ ಆಕೆಯ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವರು.

"ಯಕ್ಕಾ, ಕಿಟಕಿ ಮುಚ್ಚು, ಗಾಳಿ ಬಡಿತೈತಿ!" ಎಂದು ಒಬ್ಬಳು ಕೂಗಿದಳು.

"ತಲಿಗಿ ಬಟ್ಟಿ ಕಟ್ಟೀಯಿಲ್ಲೋ?"

"ತಣ್ಣೀರು ಕುಡದ್ರ ನೋಡು ಮತ್ತ!"

ಆಕೆಯ ಓಣಿಯ ಗೆಳತಿ ಹಜರತಬೀ ಗೋಡೆಯ ಮೇಲೆ ಗದ್ದ ಊರಿ, "ಕಸ್ತೂರಿ, ನಿನಗಂತ ಬಾಳಿಹಣ್ಣು ತಂದಿದ್ನೆ. ಥಂಡಿ ಆಗತೈತಂತ ದಾರ್ಯಾಗ ನಾನ ತಿಂದೆ" ಎಂದಳು. ನನ್ನ ಹೆಂಡತಿ ಮಧ್ಯಾಹ್ನದ ಊಟಕ್ಕೆ ಬಾಣಂತಿಯ ಪಥ್ಯವನ್ನೇ, ಉಪ್ಪು ಕಾರ ಇಲ್ಲದ ನವಣೆ ಅನ್ನ, ಸುಟ್ಟ ಬೆಳ್ಳುಳ್ಳಿ ಕಳಿಸಿದಳು. ಒಂದೇ ಸಲ ಅಂದುಕೊಂಡಿದ್ದೆ, ಮೂರು ದಿನ ಅದನ್ನೇ ಕಳಿಸಿದಳು.

ಕಸ್ತೂರೆಮ್ಮ ಕಿಟಕಿಯ ಸರಳು ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು. "ನಗ್ರೀ, ನಗ್ರೀ. ಮತ್ತ ಬಸರಾಗ್ತೀರಲ್ಲ, ಆವಾಗ ನೋಡ್ಕೋತೀನಿ ಒಬ್ಬೊಬ್ಬರನ್ನ" ಎಂದಳು. ಮಾತು ಎಂದಿನಂತೆಯೇ ಇತ್ತಾದರೂ ಆಕೆ ಸೊರಗಿದ್ದಳು. ಬೆಳಿಗ್ಗೆ ನಾನು ಬಾಗಿಲು ತೆರೆಯುವುದನ್ನೇ ಕಾದು ಕೂತಿರುತ್ತಿದ್ದಳು.

ನಾಲ್ಕನೆಯ ದಿನ ಪುಣೆಯಿಂದ ದುರಗೇಶ, ಹೇಮಾವತಿ ಬಂದರು. ನಮ್ಮೂರಿನವರೇ, ಕಟ್ಟಡದ ಕೆಲಸಕ್ಕೆ ಹೋಗಿದ್ದವರು. ಹೇಮಾವತಿಯ ಮಡಿಲಲ್ಲಿ ಹದಿನಾರು ದಿನದ ಗಂಡುಕೂಸು. ಅಂಗಳದ ಆಚೆ ಬದಿಯ ಏಳನೆಯ ತರಗತಿಯಲ್ಲಿ ಅವರನ್ನಿಟ್ಟೆವು. ಬಂದಾಗಿನಿಂದ ಕೂಸು ಒಂದೇ ಸಮನೆ ಅಳುತ್ತಿತ್ತು. ಹಾಲು ಕುಡಿಸಿದರೂ ಅಳು, ತೂಗಿದರೂ ಅಳು.

ಇತ್ತ ಕಸ್ತೂರೆಮ್ಮ ಕಿಟಕಿಯಿಂದ ಕಿಟಕಿಗೆ ಓಡಾಡತೊಡಗಿದಳು. "ಮಾಸ್ತರ್ರ, ಅದು ಹಸಿವಿಂದು ಅಳುವಲ್ಲ. ಮೈ ಉರಿತೈತಿ ಅದಕ್ಕ. ಎಷ್ಟು ದಿನ ಆತು ಎರದು, ಕೇಳ್ರಿ."

ಕೇಳಿದೆ. ಆರು ದಿನವಾಗಿತ್ತು. ರೈಲು, ಲಾರಿ, ಬಸ್ಸು ಎಂದು ದಾರಿಯಲ್ಲೇ ಕಳೆದಿತ್ತು. ಹೇಮಾವತಿಯ ಹೊಲಿಗೆ ಇನ್ನೂ ಮಾಗಿರಲಿಲ್ಲ, ನೆಲದ ಮೇಲೆ ಕಾಲು ಚಾಚಿ ಕೂರಲು ಆಗುತ್ತಿರಲಿಲ್ಲ.

"ಒಂದು ಗಳಿಗಿ ನನ್ನ ಬಿಡ್ರಿ, ಎರದು ಬರ್ತೀನಿ."

ಆಶಾ ಕಾರ್ಯಕರ್ತೆ ಜಾಸ್ಮೀನ ಅಡ್ಡ ನಿಂತಳು. ಆಕೆಗೂ ಎರೆದವಳು ಕಸ್ತೂರೆಮ್ಮನೇ, ಹಾಗಾಗಿ ದನಿ ಸ್ವಲ್ಪ ನಡುಗುತ್ತಿತ್ತು. "ಆಗಂಗಿಲ್ಲಬೇ ದೊಡ್ಡವ್ವಾ. ನೀ ಮಸ್ಕತ್ತಿನಾಕಿ, ಅವ್ರು ಪುಣೆಯವ್ರು. ಒಂದು ಖೋಲ್ಯಾಗಿಂದು ಇನ್ನೊಂದು ಖೋಲಿಗಿ ಹೋಗೂದಲ್ಲ. ನಾಳೆ ಕೂಸಿಗೇನರ ಆದ್ರ ನನ್ನ ನೌಕರಿ ಹೊಕ್ಕೈತಿ."

ಕಸ್ತೂರೆಮ್ಮ ಆಕೆಯನ್ನೇ ದಿಟ್ಟಿಸಿದಳು. ಬೈಯುತ್ತಾಳೆಂದು ನಾವೆಲ್ಲ ಕಾದೆವು. ಬೈಯಲಿಲ್ಲ. ಅಂಗಳದಾಚೆಗೆ ಮುಖ ಮಾಡಿ ಕೂಗಿದಳು:

"ಏ ದುರಗೇಶಾ! ಹೊರಗ ಬಾ!"

ದುರಗೇಶ ಬಾಗಿಲಿಗೆ ಬಂದ. ಆರಡಿ ಆಳು. ಎರಡು ಸಿಮೆಂಟು ಚೀಲ ಒಟ್ಟಿಗೆ ಹೊತ್ತು ಮೂರು ಮಹಡಿ ಹತ್ತುವವನು.

"ಕೂಸಿಗಿ ನೀನ ಎರೀಬೇಕು."

"ನಾನಾ? ದೊಡ್ಡವ್ವಾ, ನಾ ಗಂಡಸು."

"ಗೊತ್ತೈತಿ, ನಾ ನೋಡಿಲ್ಲೇನು? ಕುಂದ್ರು."

ಬಿಸಿಯೂಟದ ಅಡುಗೆಕೋಣೆಯಲ್ಲಿ ನೀರು ಕಾಯಿತು. ಬಕೆಟ್ಟು, ಚರಿಗೆ, ಕಡಲೆಹಿಟ್ಟು, ಎಣ್ಣೆ ಎಲ್ಲವನ್ನೂ ಅಂಗಳದಲ್ಲಿಟ್ಟು ಜಾಸ್ಮೀನ ದೂರ ಸರಿದಳು. ದುರಗೇಶ ಏಳನೆಯ ತರಗತಿಯ ಮುಂದೆ ಚಡ್ಡಿಯ ಮೇಲೆ ಕಾಲು ಚಾಚಿ ಕೂತ. ಹೇಮಾವತಿ ಕೂಸನ್ನು ಆತನ ಕಾಲ ಮೇಲೆ ಬೋರಲು ಮಲಗಿಸಿದಳು. ಕಂಪೌಂಡಿನಾಚೆ ಹೆಂಗಸರು ಕಲ್ಲು ಹಾಕಿಕೊಂಡು ಅದರ ಮೇಲೆ ನಿಂತರು.

"ಮೊದಲ ಮೊಣಕೈ ಅದ್ದಿ ನೋಡು, ನೀರು ಸುಡತೈತೇನು?"

"ಇಲ್ರಿ."

"ನಿನ್ನ ಮೊಣಕೈಯಾಗ ಜೀವಾ ಐತಿಲ್ಲೋ! ಹೇಮಾವತಿ, ನೀ ಅದ್ದು."

ಹೇಮಾವತಿ ಅದ್ದಿ, ಚೀರಿ ಕೈ ತೆಗೆದಳು. ತಣ್ಣೀರು ಬೆರೆಸಿದರು.

"ಈಗ ಎಣ್ಣಿ. ಬೆನ್ನಿಗಿ. ಮ್ಯಾಲಿಂದ ಕೆಳಗ. ಲೇ, ಅದು ಗ್ವಾಡಿ ಅಲ್ಲಲೇ, ಗಿಲಾವು ಮಾಡಾಕತ್ತೀಯಲ್ಲ! ಮೆಲ್ಲಕ."

"ಜಾರತೈತಿ ದೊಡ್ಡವ್ವಾ!"

"ಜಾರಂಗಿಲ್ಲ. ಕಾಲು ಒತ್ತರಿಸು. ಹಾಂ. ಕುತಗಿ ಕೆಳಗ ಅಂಗೈ ಇಡು."

"ನೆತ್ತಿಗಿ ಎಣ್ಣಿ ಬಿಡು!" ಎಂದು ಗೋಡೆಯಾಚೆಯಿಂದ ಹಜರತಬೀ ಕೂಗಿದಳು. "ಬ್ಯಾಡ, ಮೊದಲ ಹೊಟ್ಟಿಗಿ!" ಎಂದಳು ಮತ್ತೊಬ್ಬಳು. ಇಪ್ಪತ್ತು ಬಾಯಿ, ಇಪ್ಪತ್ತು ಸಲಹೆ. "ಎರಿಯಾಕಿ ನಾನೋ ನೀವೋ?" ಎಂದು ಕಸ್ತೂರೆಮ್ಮ ಗುಡುಗಿದ ಮೇಲೆ ಸುಮ್ಮನಾದರು.

ಚರಿಗೆಯ ನೀರು ಬೆನ್ನ ಮೇಲೆ ಬಿದ್ದಾಗ ಕೂಸು ಒಮ್ಮೆ ಕಿರುಚಿತು. ಎರಡನೆಯ ಚರಿಗೆಗೆ ಉಸಿರು ಎಳೆದುಕೊಂಡಿತು. ಮೂರನೆಯದಕ್ಕೆ ಅಳು ನಿಂತೇ ಹೋಯಿತು. ದುರಗೇಶ ಹಲ್ಲು ಕಚ್ಚಿ ನೀರು ಹಾಕುತ್ತಿದ್ದ. ನಾನು ತಿರುಗಿ ಐದನೆಯ ತರಗತಿಯ ಕಿಟಕಿ ನೋಡಿದೆ. ಅಲ್ಲಿ ಕಸ್ತೂರೆಮ್ಮನ ಎರಡೂ ಕೈ ಸರಳಿನಾಚೆ ಚಾಚಿದ್ದವು. ದುರಗೇಶನ ಕೈ ಹೋದ ಕಡೆ ಅವೂ ಹೋಗುತ್ತಿದ್ದವು. ಬರೀ ಗಾಳಿಯಲ್ಲೇ ಬೆನ್ನು ತಿಕ್ಕಿ, ಕಾಲು ನೀವಿ, ಮೂಗು ತೀಡುತ್ತಿದ್ದವು.

ತಿರುವಿ ಮಲಗಿಸುವಾಗ ಕೂಸು ನೇರ ದುರಗೇಶನ ಮಾಸ್ಕಿನ ಮೇಲೆ ಉಚ್ಚೆ ಹೊಯ್ಯಿತು. ಹೆಂಗಸರೆಲ್ಲ ಹೋ ಎಂದರು.

"ಮಾಸ್ಕು ಬದಲಿ ಮಾಡ್ಕೋಬೇಕ್ರಿ," ಎಂದು ದೂರದಿಂದ ಜಾಸ್ಮೀನ ಕರ್ತವ್ಯನಿಷ್ಠೆಯಿಂದ ಹೇಳಿದಳು.

ಒರೆಸಿ ಸುತ್ತಿದ ಮೇಲೆ ಕೂಸು ನಾಲ್ಕು ತಾಸು ಮಲಗಿತು. ದುರಗೇಶ ಗೋಡೆಗೆ ಒರಗಿ ಕೂತವನು ಅಲ್ಲೇ ಗೊರಕೆ ಹೊಡೆದ. ಖೋಲಿಯ ಬಾಗಿಲು ಹಾಕಿಕೊಳ್ಳಲು ಹೊರಟ ಹೇಮಾವತಿಗೆ ಕಸ್ತೂರೆಮ್ಮ ತನ್ನ ಕಿಟಕಿಯಿಂದಲೇ ಹೇಳಿದಳು, "ಬಾಗಲಾ ಹಾಕಬ್ಯಾಡ ತಂಗಿ. ಕಿಟಕಿನೂ ತೆರಿ. ಸ್ವಲ್ಪ ಗಾಳಿ ಆಡ್ಲಿ." ಗೋಡೆಯಾಚೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ನನ್ನ ಹೆಂಡತಿಗೆ ಈ ಸುದ್ದಿ ಹೇಳಿದಾಗ ಆಕೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಖರೇನ?" ಎಂದು ಎರಡು ಸಲ ಕೇಳಿದಳು. ಮರುದಿನದಿಂದ ಕಸ್ತೂರೆಮ್ಮನಿಗೆ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಹೋಯಿತು.

ಆಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಎರೆಯುವ ಕಾರ್ಯಕ್ರಮ ನಡೆಯಿತು. ಒಂದು ವಾರದಲ್ಲಿ ದುರಗೇಶ ಎಷ್ಟು ಪಳಗಿದನೆಂದರೆ, "ನೀರು ಕಮ್ಮಿ ಬಿಸಿ ಅದಾವ" ಎಂದು ಗ್ಯಾನಪ್ಪನಿಗೇ ರೇಗುತ್ತಿದ್ದ. ಗ್ಯಾನಪ್ಪ ಬಡಿಗೆ ಬದಿಗಿಟ್ಟು ಬಕೆಟ್ಟು ಹೊರತೊಡಗಿದ್ದ. ಗಂಡಸರೂ ಗೋಡೆಯ ಬಳಿ ಬಂದು ನಿಂತು, ಮೊದಮೊದಲು ಹಂಗಿಸಿ, ಆಮೇಲೆ ಸುಮ್ಮನೆ ನೋಡುತ್ತಿದ್ದರು.

ಹದಿನಾಲ್ಕು ದಿನ ಮುಗಿದು ಕಸ್ತೂರೆಮ್ಮ ಹೊರಡುವ ಬೆಳಿಗ್ಗೆ ನಾನು ದಾಖಲೆ ಪುಸ್ತಕದಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಗೇಟಿನ ಹೊರಗೆ ಕಳಕಪ್ಪ ನಿಂತಿದ್ದ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಎಂಟು ಮೈಲಿ ನಡೆದು ಬಂದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಸೊರಗೀಯಲ್ಲ" ಎಂದ.

"ನೀವೂ."

"ಮನಿಗಿ ಹೋಗೂಣಾ?"

"ಒಲ್ಲೆ" ಎಂದಳು ಕಸ್ತೂರೆಮ್ಮ. "ನಾಕು ಗ್ವಾಡಿ ಸಾಕಾಗ್ಯಾವ. ಕುರಿ ಎಲ್ಲಿ ಅದಾವ?"

ಚೀಲವನ್ನು ಹಜರತಬೀಯ ಮನೆಯಲ್ಲಿ ಎಸೆದು, ಆಕೆ ಗಂಡನ ಹಿಂದೆ ಹೊಲದ ದಾರಿ ಹಿಡಿದಳು. ಮಳೆ ಒಂದೆರಡು ಹದ ಬಿದ್ದು ಎರೆಮಣ್ಣು ಕಾಲಿಗೆ ಅಂಟುತ್ತಿತ್ತು. ಮಸ್ಕತ್ತಿನ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೋದಳು. ಐದು ದಿನ ಊರ ಕಡೆ ಸುಳಿಯಲಿಲ್ಲ. ಕುರಿಹಟ್ಟಿಯ ಪಕ್ಕ ಬಯಲಲ್ಲೇ ಉಂಡು, ಬಯಲಲ್ಲೇ ಮಲಗಿ, ಹೊಸ ಮರಿಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಿದ್ದಳಂತೆ.

ಆರನೆಯ ದಿನ ಕೆಳಗಿನ ಓಣಿಯ ದುರಗಮ್ಮನ ಸೊಸೆ ಹಡೆದಳೆಂದು ಹೇಳಿ ಕಳಿಸಿದರು. ಕಸ್ತೂರೆಮ್ಮ ಸೆರಗು ಕೊಡವಿ ಎದ್ದು ಬಂದಳು. ಆ ಮನೆಯ ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತ ಮೊದಲು ಕೇಳಿದ್ದು, "ಕೂಸಿನ ಅಪ್ಪ ಎಲ್ಲಿ ಅದಾನ? ಕರೀರಿ ಇಲ್ಲಿ."